ಹೋಟೆಲ್ ಅಕ್ಕನ ಫ್ರಿಜ್ಜಿನಲ್ಲಿ ನಮ್ಮ ಕೋಶಗಳು

ಮೊದಲೇ ಹೇಳಿಬಿಡುತ್ತೇನೆ, ಇದನ್ನು ಬರೆಯಲು ಕೂತಾಗಲೂ ನನ್ನ ಸಿಟ್ಟು ಇಳಿದಿಲ್ಲ. ಇಳಿದ ಮೇಲೆ ಬರೆಯೋಣ ಅಂತ ಒಂದು ಮಳೆಗಾಲ ಪೂರ್ತಿ ಕಾದೆ. ಅದು ಇಳಿಯುವ ಲಕ್ಷಣ ಕಾಣಲಿಲ್ಲ. ಸರಿ, ಇರುವ ಸಿಟ್ಟಿನಲ್ಲೇ ಬರೆಯುತ್ತೇನೆ.

ನಾನು ಸಾಗರದ ಒಂದು ಕಾಲೇಜಿನಲ್ಲಿ ಜೈವಿಕ ತಂತ್ರಜ್ಞಾನದ ಪ್ರಯೋಗಾಲಯ ನೋಡಿಕೊಳ್ಳುವವಳು. ನಮ್ಮ ವಿದ್ಯಾರ್ಥಿಗಳ ತಂಡ ಆ ವರ್ಷ ಸಂಶ್ಲೇಷಿತ ಜೀವವಿಜ್ಞಾನದ ಸ್ಪರ್ಧೆಯೊಂದಕ್ಕೆ ಹೆಸರು ಕೊಟ್ಟಿತ್ತು. ಹೆಸರು ಕೇಳಿ ಗಾಬರಿ ಬೇಡ. ಒಂದು ನಿರುಪದ್ರವಿ ಬ್ಯಾಕ್ಟೀರಿಯಾದೊಳಗೆ ಹೊಸ ಡಿಎನ್‌ಎ ತುಂಡು ಸೇರಿಸಿ, ಅದರಿಂದ ನಮಗೆ ಬೇಕಾದ ಕೆಲಸ ಮಾಡಿಸುವುದು, ಅಷ್ಟೇ. ನಮ್ಮ ಮಕ್ಕಳು ಹಿಡಿದ ಕೆಲಸ ನೀರಿನಲ್ಲಿ ತಾಮ್ರ ಪತ್ತೆ ಮಾಡುವುದು. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಾರಲ್ಲ, ಆ ಮೈಲುತುತ್ತದಲ್ಲಿರುವುದು ತಾಮ್ರ. ಅದು ಮಳೆಯಲ್ಲಿ ತೊಳೆದು ಹಳ್ಳಕ್ಕೆ, ಬಾವಿಗೆ ಎಷ್ಟು ಸೇರುತ್ತದೆ ಅಂತ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನಮ್ಮ ತಂಡ ತಯಾರಿಸಿದ್ದು ಒಂದು ಸ್ವಿಚ್ಚು. ತಾಮ್ರ ತಾಗಿದರೆ ಬ್ಯಾಕ್ಟೀರಿಯಾದೊಳಗೆ ಆ ಸ್ವಿಚ್ಚು ಆನ್ ಆಗುತ್ತದೆ. ಆದರೆ ಆನ್ ಆಗಿದ್ದು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಬಣ್ಣ ಬೇಕು. ತೀರ್ಥಹಳ್ಳಿಯ ಒಂದು ಕಾಲೇಜಿನ ತಂಡ ಬ್ಯಾಕ್ಟೀರಿಯಾದಲ್ಲಿ ಗಾಢ ಗುಲಾಬಿ ಬಣ್ಣ ಬರಿಸುವ ಡಿಎನ್‌ಎ ಮೇಲೆ ಕೆಲಸ ಮಾಡುತ್ತಿತ್ತು. ಅವರ ಬಣ್ಣ ನಮ್ಮ ಸ್ವಿಚ್ಚಿಗೆ ಸೇರಿದರೆ ಕೆಲಸ ಪೂರ್ತಿಯಾಯಿತು.

ಅಂಥ ಸ್ಪರ್ಧೆಗಳಲ್ಲಿ ತಂಡ ತಂಡ ಸೇರಿ ಕೆಲಸ ಮಾಡಿದರೆ ಅದಕ್ಕೆ ಬೇರೆಯೇ ಮನ್ನಣೆ ಇದೆ. ಬಹಳ ಕಡೆ ಏನು ಮಾಡುತ್ತಾರೆಂದರೆ, ಒಂದು ವಿಡಿಯೋ ಕಾಲ್ ಮಾಡಿ, ಎಲ್ಲರೂ ಹಲ್ಲು ಬಿಟ್ಟು ಫೋಟೊ ತೆಗೆಸಿಕೊಂಡು, ಸಹಯೋಗ ಆಯಿತು ಅಂತ ಬರೆದುಕೊಳ್ಳುತ್ತಾರೆ. ಅದನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮಾಡುವುದಾದರೆ ನಿಜವಾಗಿ ಮಾಡಿ, ಇಲ್ಲದಿದ್ದರೆ ಸುಮ್ಮನಿರಿ ಅಂತ ನಮ್ಮ ಮಕ್ಕಳಿಗೆ ಹೇಳಿದ್ದೆ. ನಮ್ಮ ತಂಡದ ನಾಯಕಿ, ಕೊನೆಯ ವರ್ಷದ ಹುಡುಗಿ, "ನಿಜವಾಗಿಯೇ ಮಾಡ್ತೀವಿ ಮೇಡಂ" ಅಂದಳು. ಮಾಡಿದಳು ಕೂಡ.

ಮೊದಲು ನಾವು ಅನುಸರಿಸಿದ್ದು ಸರಳ ದಾರಿ. ಡಿಎನ್‌ಎ ಹನಿಯನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಲಕೋಟೆಯಲ್ಲಿ ಹಾಕಿ ಅಂಚೆಗೆ ಕೊಡುವುದು. ಜೀವವಿಲ್ಲದ ವಸ್ತು, ಯಾರಿಗೂ ಏನೂ ಆಗುವುದಿಲ್ಲ. ತೀರ್ಥಹಳ್ಳಿಯವರು ಆ ಚುಕ್ಕೆಯನ್ನು ನೀರಿನಲ್ಲಿ ನೆನೆಸಿ ತಮ್ಮ ಬ್ಯಾಕ್ಟೀರಿಯಾದೊಳಗೆ ಸೇರಿಸಬೇಕು. ಸೇರಲಿಲ್ಲ. ಮತ್ತೆ ಕಳಿಸಿದೆವು. ಮತ್ತೆ ಸೇರಲಿಲ್ಲ. ಡಿಎನ್‌ಎ ತೆಗೆದುಕೊಳ್ಳಲು ಬ್ಯಾಕ್ಟೀರಿಯಾದ ಕೋಶಗಳನ್ನು ಮೊದಲು ಕ್ಯಾಲ್ಸಿಯಂ ದ್ರಾವಣದಲ್ಲಿ, ಮಂಜುಗಡ್ಡೆಯ ಮೇಲಿಟ್ಟು ಹದ ಮಾಡಬೇಕು. ಅವರ ಪ್ರಯೋಗಾಲಯದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋಗಿ, ಆ ಹದವೇ ಕೂಡುತ್ತಿರಲಿಲ್ಲ. ಕಡೆಗೆ ಅವರ ಮಾರ್ಗದರ್ಶಕರೇ ಫೋನ್ ಮಾಡಿ, "ಮೇಡಂ, ನಿಮ್ಮ ಸ್ವಿಚ್ಚಿರುವ ಕೋಶಗಳನ್ನು ನೀವೇ ಹದ ಮಾಡಿ ಕಳಿಸಿಕೊಡಿ, ನಾವು ನಮ್ಮ ಬಣ್ಣ ಹಾಕಿಕೊಳ್ತೇವೆ" ಅಂದರು.

ಅಂದರೆ ಜೀವಂತ ಕೋಶ ಕಳಿಸಬೇಕು. ಅದಕ್ಕೆ ಎರಡೂ ಕಾಲೇಜಿನ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಬೇಕು. ಷರತ್ತುಗಳನ್ನು ಬರೆದವಳು ನಾನೇ. ಟ್ಯೂಬುಗಳು ಒಂದರೊಳಗೊಂದು ಎರಡು ಮುಚ್ಚಿದ ಡಬ್ಬಿಯಲ್ಲಿರಬೇಕು. ಸುತ್ತ ಮಂಜುಗಡ್ಡೆ, ಮೇಲೆ ಎಚ್ಚರಿಕೆಯ ಚೀಟಿ ಇರಬೇಕು. ಒಂದು ತಂಡದವರ ಕೈಯಿಂದ ಇನ್ನೊಂದು ತಂಡದವರ ಕೈಗೇ ಹೋಗಬೇಕು, ನಡುವೆ ಯಾರ ಹತ್ತಿರವೂ ಬಿಡುವ ಹಾಗಿಲ್ಲ. ತಿನ್ನುವ, ಕುಡಿಯುವ, ಔಷಧಿಯ ವಸ್ತುವಿನ ಜೊತೆ ಟ್ಯೂಬು ಇಡುವ ಹಾಗಿಲ್ಲ, ಆ ಡಬ್ಬಿಯಲ್ಲಿ ಅಂಥದ್ದನ್ನು ಇಡುವ ಹಾಗೂ ಇಲ್ಲ. ಆ ಬ್ಯಾಕ್ಟೀರಿಯಾ ಕುಡಿದರೂ ಏನೂ ಆಗದಷ್ಟು ಬಡಪಾಯಿ ತಳಿ. ಆದರೂ ನಿಯಮ ನಿಯಮವೇ.

ಸಾಗರಕ್ಕೂ ತೀರ್ಥಹಳ್ಳಿಗೂ ನಡುವೆ ಹೊಸನಗರ. ಇಲ್ಲಿಂದ ಒಬ್ಬರು, ಅಲ್ಲಿಂದ ಒಬ್ಬರು ಬಸ್ಸಿನಲ್ಲಿ ಬಂದು ಅಲ್ಲಿ ಡಬ್ಬಿ ಕೊಟ್ಟು ತೆಗೆದುಕೊಳ್ಳುವುದು ಅಂತಾಯಿತು. ಬಸ್ ನಿಲ್ದಾಣದ ಹತ್ತಿರ ಒಂದು ಸಣ್ಣ ಹೋಟೆಲ್ಲು. ನಡೆಸುವವರು ಒಬ್ಬ ಹೆಂಗಸು, ಎರಡೂ ತಂಡದ ಮಕ್ಕಳಿಗೆ ಅವರು ಹೋಟೆಲ್ ಅಕ್ಕ. ಇವರು ಬಂದರೆ ಬನ್ಸು, ಚಾ ಕೊಟ್ಟು, ಬಸ್ಸು ಬರುವವರೆಗೂ ಕೂರಿಸಿಕೊಳ್ಳುವರು. ಆ ಹೋಟೆಲ್ಲಿಗೆ ಇನ್ನೊಂದು ಕೆಲಸವೂ ಇತ್ತು. ಊರಿನವರು ಬಸ್ಸಿನಲ್ಲಿ ಬಂದದ್ದನ್ನೆಲ್ಲ ಅಲ್ಲಿ ಇಟ್ಟು ಹೋಗುತ್ತಿದ್ದರು. ಮದುವೆ ಕಾಗದ, ರಿಪೇರಿಗೆ ಹೋದ ಮಿಕ್ಸಿ, ದನದ ಔಷಧಿ, ಯಾರದೋ ಮಗುವಿನ ಲಸಿಕೆ ಕಾರ್ಡು. "ಅಕ್ಕನ ಹತ್ರ ಇಟ್ಟಿರ್ತೀನಿ, ತಗೊ" ಅಂದರೆ ಮುಗಿಯಿತು, ಆ ಕಡೆ ಎಲ್ಲರಿಗೂ ಅರ್ಥವಾಗುತ್ತಿತ್ತು. ಅವರು ಅದಕ್ಕೆ ಒಂದು ಪೈಸೆ ಕೇಳಿದವರಲ್ಲ.

ಮೊದಲ ಕೆಲವು ಸಲ ಕೈಯಿಂದ ಕೈಗೇ ಹೋಯಿತು. ಆದರೂ ಕೋಶಗಳು ಬಣ್ಣ ಹಿಡಿಯಲಿಲ್ಲ. ಒಮ್ಮೆ ನಮ್ಮ ಹದ ಸರಿ ಇರಲಿಲ್ಲ, ಒಮ್ಮೆ ಡಿಎನ್‌ಎ ಒಳಗೆ ಹೋಗಲೆಂದು ಒಂದು ಗಳಿಗೆ ಬಿಸಿ ಕೊಡುವಾಗ ಅವರು ಹೊತ್ತು ತಪ್ಪಿದರು. ಈ ಹದವಾದ ಕೋಶಗಳಿಗೆ ತಣ್ಣಗೆ ಒಂದು ದಿನದ ಆಯುಷ್ಯ. ಒಮ್ಮೆ ಬೆಚ್ಚಗಾದರೆ ಮತ್ತೆ ಡಿಎನ್‌ಎ ತೆಗೆದುಕೊಳ್ಳುವುದಿಲ್ಲ. ನಾಯಕಿ ಪ್ರತಿ ಸಲವೂ ಹೊಸದಾಗಿ ಶುರು ಮಾಡುತ್ತಿದ್ದಳು, ಬೇಜಾರು ಅನ್ನುತ್ತಿರಲಿಲ್ಲ.

ಆಮೇಲೆ ಒಂದು ದಿನ ತೀರ್ಥಹಳ್ಳಿಯಿಂದ ಫೋನು. "ಮೇಡಂ, ಬಂತು! ಗುಲಾಬಿ ಬಂತು!" ಹಿಂದುಗಡೆ ಹುಡುಗರ ಕೂಗಾಟ. ತಾಮ್ರ ಹಾಕಿದ ಟ್ಯೂಬುಗಳೆಲ್ಲ ಗುಲಾಬಿ, ಹಾಕದ್ದು ಬೆಳ್ಳಗೆ. ನಾನು ಸ್ಟಾಫ್ ರೂಮಿನಲ್ಲಿ ನಿಂತಲ್ಲೇ ಕೂಗಿಬಿಟ್ಟೆ. ನಾಯಕಿ ಅತ್ತಳು. ಎಲ್ಲರಿಗೂ ಜಿಲೇಬಿ ತರಿಸಿದೆ.

ಜಿಲೇಬಿ ಅರಗುವುದರೊಳಗೆ ನನ್ನ ಮೊಬೈಲಿಗೆ ಒಂದು ಫೋಟೊ ಬಂತು. ಫ್ರಿಜ್ಜಿನ ಬಾಗಿಲು ತೆಗೆದಿದೆ. ಮೇಲಿನ ಶೆಲ್ಫಿನಲ್ಲಿ ಹಾಲಿನ ಪ್ಯಾಕೆಟ್ಟು, ಮೊಸರಿನ ಪಾತ್ರೆ. ಅವೆರಡರ ನಡುವೆ ಸಾಲಾಗಿ ನಮ್ಮ ಟ್ಯೂಬುಗಳು, ನಾಯಕಿಯದೇ ಅಕ್ಷರ. ಕೆಳಗೆ ಬರೆದಿತ್ತು: "ಹೊಸನಗರದ ಹೋಟೆಲ್ ಫ್ರಿಜ್ಜಲ್ಲಿ ಲ್ಯಾಬಿನ ರೋಗಾಣು. ಎಲ್ಲರಿಗೂ ಕಳಿಸಿ."

ತಲೆ ಕೆಟ್ಟುಹೋಯಿತು. ನಾಯಕಿಯನ್ನು ಕರೆದೆ. ಫೋಟೊ ನೋಡಿದವಳೇ ಬಿಳಿಚಿಕೊಂಡಳು.

"ಎಂತ ಇದು? ಹೇಳು" ಅಂದೆ.

"ಆವತ್ತು ಹುಂಚದ ಹತ್ರ ಮರ ಬಿದ್ದು ತೀರ್ಥಹಳ್ಳಿ ತಂಡದ ಹುಡುಗನ ಬಸ್ಸು ನಿಂತಿತ್ತು ಮೇಡಂ. ನಂಗೆ ಮಧ್ಯಾಹ್ನ ಪರೀಕ್ಷೆ. ಸಾಗರದ ಬಸ್ಸು ಹೊರಡ್ತಿತ್ತು. ಅವನೇ ಫೋನ್ ಮಾಡಿ ಅಕ್ಕನ ಹತ್ರ ಇಟ್ಟು ಹೋಗು, ಬಂದು ತಗೊಳ್ತೀನಿ ಅಂದ. ಇಟ್ಟೆ."

"ಷರತ್ತಿಗೆ ನೀನೇ ಸಹಿ ಮಾಡಿದ್ದಲ್ವಾ?"

"ಹೌದು ಮೇಡಂ. ಅಕ್ಕನ ಹತ್ರ ಇಡೋದು ಯಾರೋ ಬೇರೆಯವರ ಹತ್ರ ಬಿಟ್ಟ ಹಾಗೆ ಅಂತ ನಂಗೆ ಅನ್ನಿಸಲೇ ಇಲ್ಲ."

ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಫೋಟೊ ತೆಗೆದವನು ತೀರ್ಥಹಳ್ಳಿಯ ಆ ಹುಡುಗನೇ. ತಡವಾಗಿ ಬಂದು, ಟ್ಯೂಬು ಫ್ರಿಜ್ಜಿನಲ್ಲಿರುವುದು ನೋಡಿ, "ನಮ್ಮ ಬ್ಯಾಕ್ಟೀರಿಯಾ ಹೋಟೆಲಲ್ಲಿ ರೂಮು ಮಾಡಿದಾವೆ" ಅಂತ ತಮಾಷೆಗೆ ಗೆಳೆಯರಿಗೆ ಕಳಿಸಿದ್ದ. ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಹೋಗುವಾಗ ಆ ತಮಾಷೆ ಅಳಿಸಿ ಯಾರೋ ಪುಣ್ಯಾತ್ಮರು ರೋಗಾಣು ಅಂತ ಬರೆದಿದ್ದರು.

ಆವತ್ತೇ ಬಸ್ ಹತ್ತಿ ಹೊಸನಗರಕ್ಕೆ ಹೋದೆ. ಹೋಟೆಲ್ಲಿನ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಅಕ್ಕ, ಎದುರು ಆಹಾರ ಸುರಕ್ಷತೆ ನೋಡುವ ಅಧಿಕಾರಿ. ಯಾರೋ ದೂರು ಕೊಟ್ಟಿದ್ದರಂತೆ. ನಾನು ಯಾರು ಅಂತ ಹೇಳಿಕೊಂಡ ಕೂಡಲೇ ಅಕ್ಕ ಎದ್ದು ನಿಂತರು.

"ಮೇಡಂ, ಅದ್ರಲ್ಲಿ ಎಂತ ಇತ್ತು? ನಾ ಅದನ್ನ ಮುಟ್ಟಿದ ಕೈಯಲ್ಲೇ ಎಲ್ಲರಿಗೂ ಬಡಿಸಿದೀನಿ."

ಏನೂ ಆಗುವುದಿಲ್ಲ, ಹೆದರಬೇಡಿ ಅಂತ ಹೇಳಿ, ಡಬ್ಬಿ ತೆಗೆದದ್ದು ಹೇಗೆ ಅಂತ ಕೇಳಿದೆ.

"ಅಡಿಯಿಂದ ನೀರು ಸೋರ್ತಿತ್ತು. ಐಸು ಕರಗಿದ್ದು ಗೊತ್ತಾತು. ಪಾಪ, ಮಕ್ಳು ಕಷ್ಟಪಟ್ಟು ಮಾಡಿದ್ದು, ತಣ್ಣಗಿಲ್ದೆ ಹಾಳಾಗ್ತದೆ ಅಂತ ಆ ಹುಡುಗಿ ಯಾವಾಗ್ಲೋ ಹೇಳಿತ್ತು. ತೆಗ್ದು ಫ್ರಿಜ್ಜಲ್ಲಿಟ್ಟೆ. ಮೊಸರಿನ ಪಾತ್ರೆ ಆಚೆ ಸರಿಸಿ ಜಾಗ ಮಾಡ್ದೆ."

"ಮೇಲೆ ಎಚ್ಚರಿಕೆ ಚೀಟಿ ಇತ್ತಲ್ಲ?" ಅಂತ ಅಧಿಕಾರಿ ಕೇಳಿದರು.

"ಇಂಗ್ಲಿಷಲ್ಲಿತ್ತು ಸರ್. ಒಡೆಯೋ ಸಾಮಾನು ಅಂತ ಮಾಡ್ದೆ."

ಅಧಿಕಾರಿ ಕೆಟ್ಟವರಲ್ಲ. ನನ್ನನ್ನು ಹೊರಗೆ ಕರೆದು ನೇರವಾಗಿ ಹೇಳಿದರು. "ಟ್ಯೂಬಲ್ಲಿ ಎಂತ ಇತ್ತು, ಇಲ್ಲಿಗೆ ಹೇಗೆ ಬಂತು, ತಪ್ಪು ಯಾರದ್ದು, ಇದು ನಿಮ್ಮ ಕಾಲೇಜಿಂದ ಬರಹದಲ್ಲಿ ಬೇಕು. ಅಲ್ಲೀವರೆಗೆ ಹೋಟೆಲ್ ಮುಚ್ಚಿರ್ಲಿ. ಇವರೇ ಗೊತ್ತಿದ್ದೂ ತೆಗೆದಿಟ್ಟದ್ದು ಅಂತ ನೀವು ಬರೆದ್ರೆ ಲೈಸೆನ್ಸ್ ಉಳಿಸೋದು ನನ್ನ ಕೈಲಿಲ್ಲ."

ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಅಕ್ಕನ ಹೋಟೆಲ್ಲು ನಾವು ಬರೆಯುವ ನಾಲ್ಕು ಸಾಲಿನ ಮೇಲೆ ನಿಂತಿತ್ತು.

ಬರಹಕ್ಕೆ ಮೊದಲು ಸಾಕ್ಷಿ ಇರಲಿ ಅಂತ ನಾನು ಪರೀಕ್ಷೆಗೆ ಇಳಿದೆ. ನಮ್ಮ ಕೋಶಗಳಿಗೆ ಒಂದು ಆಂಟಿಬಯೋಟಿಕ್ ತಡೆದುಕೊಳ್ಳುವ ಗುಣ ಕೊಟ್ಟಿರುತ್ತೇವೆ. ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಆ ಔಷಧಿ ಬೆರೆಸಿದರೆ ಅದರಲ್ಲಿ ನಮ್ಮ ಕೋಶ ಬೆಳೆಯುತ್ತದೆ, ಬೇರೆಯವು ಹೆಚ್ಚಾಗಿ ಸಾಯುತ್ತವೆ. ಫ್ರಿಜ್ಜಿನ ಶೆಲ್ಫು, ಬಾಗಿಲ ಹಿಡಿ, ಮೊಸರಿನ ಪಾತ್ರೆಯ ಹೊರಮೈ, ಎಲ್ಲ ಕಡೆ ಒದ್ದೆ ಹತ್ತಿಕಡ್ಡಿ ಒರೆಸಿ ತಂದೆ. ಔಷಧಿ ಇರುವ ತಟ್ಟೆಯ ಮೇಲೂ ಒರೆಸಿದೆ, ಇಲ್ಲದ ಸಾದಾ ತಟ್ಟೆಯ ಮೇಲೂ ಒರೆಸಿದೆ. ಹೋಲಿಸಲು ನಮ್ಮ ಸ್ಟಾಫ್ ರೂಮಿನ ಫ್ರಿಜ್ಜಿನಿಂದಲೂ ತೆಗೆದೆ. ಮರುದಿನ ನೋಡಿದರೆ ಔಷಧಿ ತಟ್ಟೆಗಳೆಲ್ಲ ಖಾಲಿ. ಅಕ್ಕನ ಫ್ರಿಜ್ಜಿನಲ್ಲಿ ನಮ್ಮದು ಒಂದೂ ಇರಲಿಲ್ಲ. ಸಾದಾ ತಟ್ಟೆಗಳಲ್ಲಿ ಮಾತ್ರ ಎಲ್ಲ ಬೆಳೆದಿದ್ದವು, ಯಾವ ಮನೆಯ ಫ್ರಿಜ್ಜಿನಲ್ಲೂ ಇರುವಂಥವು. ನಮ್ಮ ಸ್ಟಾಫ್ ರೂಮಿನದು ಅಕ್ಕನದಕ್ಕಿಂತ ಗಲೀಜಾಗಿತ್ತು, ಹೇಳಲು ನಾಚಿಕೆ.

ಖುಷಿಯಲ್ಲಿ ನಾನು ಆ ತಟ್ಟೆಗಳ ಫೋಟೊ ತೆಗೆದು, ಕನ್ನಡದಲ್ಲಿ ವಿವರಣೆ ಬರೆದು, ಹೊಸನಗರದ ಕಡೆಯ ಗುಂಪುಗಳಿಗೆ ಹಾಕಿಸಿದೆ. ವಿಜ್ಞಾನ ಓದಿದ ನನಗೆ ಅಷ್ಟೂ ತಿಳಿಯಲಿಲ್ಲ ನೋಡಿ. ವಿವರಣೆ ಯಾರೂ ಓದಲಿಲ್ಲ. ಖಾಲಿ ತಟ್ಟೆ ಯಾರ ಕಣ್ಣಿಗೂ ಬೀಳಲಿಲ್ಲ. ಸಾದಾ ತಟ್ಟೆಯ ಹಳದಿ, ಬಿಳಿ ಚುಕ್ಕೆಗಳನ್ನು ಮಾತ್ರ ಕತ್ತರಿಸಿ, "ಅಬ್ಬಬ್ಬಾ, ಹೋಟೆಲ್ ಫ್ರಿಜ್ಜಲ್ಲಿ ಏನೇನು ಹುಳ ನೋಡಿ, ಲ್ಯಾಬಿನವರೇ ಕೊಟ್ಟ ರಿಪೋರ್ಟು" ಅಂತ ಮತ್ತೊಂದು ಸುತ್ತು ಓಡಿತು. ಅಕ್ಕ ಫೋನ್ ಮಾಡಿ, "ಮೇಡಂ, ಎಂತಕ್ಕೆ ಹಾಕಿದ್ರಿ ಅದನ್ನ?" ಅಂತಷ್ಟೇ ಕೇಳಿದರು. ನಾನು ಫೋನಿಟ್ಟು ತಟ್ಟೆಗಳನ್ನೆಲ್ಲ ಎತ್ತಿ ಸಿಂಕಿಗೆ ಬಡಿಯಬೇಕೆಂದುಕೊಂಡೆ. ಬಡಿಯಲಿಲ್ಲ, ಅವುಗಳಲ್ಲಿ ಬೆಳೆದದ್ದನ್ನೂ ಬೇಯಿಸಿ ಕೊಂದೇ ಬಿಸಾಡಬೇಕು, ಅದೂ ನಿಯಮ.

ಇಷ್ಟಾಗುವಾಗ ತೀರ್ಥಹಳ್ಳಿಯ ಮಾರ್ಗದರ್ಶಕರು ಜಂಟಿ ಹೇಳಿಕೆಯೊಂದನ್ನು ತಯಾರಿಸಿ ನಮ್ಮನ್ನು ಕರೆದರು. ಎರಡೂ ಕಾಲೇಜಿನವರು ಸಹಿ ಹಾಕಿ ಸ್ಪರ್ಧೆಯ ಸುರಕ್ಷತಾ ಸಮಿತಿಗೂ ಹೊಸನಗರದ ಅಧಿಕಾರಿಗೂ ಒಂದೇ ಕಾಗದ ಕಳಿಸುವುದು ಅಂತ ಅವರ ಯೋಜನೆ. ನಾನೂ ನಾಯಕಿಯೂ ಹೋದೆವು. ಅವರ ಕೋಣೆಯಲ್ಲಿ ಫ್ಯಾನಿನ ಅಡಿ ಕೂರಿಸಿ, ಕಾಫಿ ತರಿಸಿ, ಕಾಗದ ಮುಂದಿಟ್ಟರು. ಫೋಟೊ ತೆಗೆದ ಹುಡುಗ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿದ್ದ.

ಕಾಗದದಲ್ಲಿ ಹೀಗಿತ್ತು: ಮೂರನೆಯ ವ್ಯಕ್ತಿಯೊಬ್ಬರು ಅನುಮತಿಯಿಲ್ಲದೆ, ಎಚ್ಚರಿಕೆಯ ಸೂಚನೆಯನ್ನು ಕಡೆಗಣಿಸಿ, ಮುಚ್ಚಿದ ಡಬ್ಬಿಯನ್ನು ತೆರೆದು, ಮಾದರಿಗಳನ್ನು ಆಹಾರದ ಫ್ರಿಜ್ಜಿನಲ್ಲಿ ಇರಿಸಿದ್ದಾರೆ. ತಂಡಗಳು ತಮ್ಮ ಕಡೆಯಿಂದ ನಿಯಮಗಳನ್ನು ಪಾಲಿಸಿವೆ.

ನಾನು ಎರಡು ಸಲ ಓದಿದೆ. ಕಿವಿ ಬಿಸಿಯಾಯಿತು.

"ಡಬ್ಬಿ ಅವರ ಹೋಟೆಲಿಗೆ ಹೇಗೆ ಹೋಯ್ತು ಅಂತ ಎಲ್ಲಿದೆ ಸರ್ ಇದ್ರಲ್ಲಿ?"

"ಅದನ್ನ ಅವರು ಕೇಳಿದ್ರೆ ನೋಡೋಣ ಮೇಡಂ. ಬರೆದಿದ್ದರಲ್ಲಿ ಒಂದೂ ಸುಳ್ಳಿಲ್ಲ."

"ಕೊನೇ ವಾಕ್ಯ?"

"ಅದು ನೋಡೋ ರೀತಿ ಮೇಲೆ ಹೋಗುತ್ತೆ. ಪ್ಯಾಕಿಂಗ್ ನಿಯಮದ ಪ್ರಕಾರವೇ ಆಗಿತ್ತಲ್ಲ."

"ಡಬ್ಬಿಗೆ ಕಾಲು ಬಂದು ನಡ್ಕೊಂಡು ಹೋಗಿ ಅವರ ಅಡುಗೆಮನೇಲಿ ಕೂತ್ಕೊಂತಾ ಸರ್?"

ಅವರು ನಕ್ಕರು. ಆ ನಗು ಇವತ್ತಿಗೂ ನನ್ನ ಕಣ್ಣ ಮುಂದಿದೆ. "ನೀವು ಎಮೋಷನಲ್ ಆಗ್ತಿದ್ದೀರಿ. ಮಕ್ಕಳ ಇಡೀ ವರ್ಷದ ದುಡಿಮೆ ಇದು. ತಪ್ಪು ತಂಡದ್ದು ಅಂತ ಬರೆದ್ರೆ ಜಂಟಿ ಫಲಿತಾಂಶ ಪೂರ್ತಿ ರದ್ದಾಗುತ್ತೆ. ಆ ಹೆಂಗಸಿಗೆ ಏನು, ಸ್ವಲ್ಪ ದಿನ ಮುಚ್ಚಿರ್ತಾರೆ, ಆಮೇಲೆ ಇನ್ನೊಂದು ಕಡೆ ತೆಗೀತಾರೆ. ಒಂದು ಸಣ್ಣ ಹೋಟೆಲ್ಲು."

"ಗುಲಾಬಿ ಬಣ್ಣ ಬಂದದ್ದು ಯಾವ ಸಲದ ಕೋಶದಲ್ಲಿ ಸರ್?" ಅಂತ ಕೇಳಿದೆ.

ಅವರು ಕಾಫಿ ಲೋಟ ಎತ್ತಿಕೊಂಡರು. ಮೂಲೆಯಲ್ಲಿದ್ದ ಹುಡುಗ ಹೇಳಿದ. "ಅದೇ ಸಲದ್ದು ಮೇಡಂ. ಅಕ್ಕನ ಫ್ರಿಜ್ಜಿಂದ ತಂದದ್ದು."

"ಕೇಳಿದ್ರಾ? ಅವರು ಎತ್ತಿ ಫ್ರಿಜ್ಜಲ್ಲಿ ಇಡದೇ ಇದ್ದಿದ್ರೆ ಕೋಶ ಬೆಚ್ಚಗಾಗಿ ಕೆಟ್ಟು, ನಿಮ್ಮ ಹತ್ರ ತೋರಿಸೋಕೆ ಒಂದು ಚುಕ್ಕೆ ಬಣ್ಣ ಇರ್ತಿರಲಿಲ್ಲ. ಆ ಫಲಿತಾಂಶ ಬೇಕು, ಅದನ್ನ ಉಳಿಸಿಕೊಟ್ಟವರ ತಲೆ ಮೇಲೆ ತಪ್ಪು ಹೊರಿಸಬೇಕು. ಥೂ, ಹೇಗೆ ಮನಸ್ಸು ಬರುತ್ತೆ ಸರ್ ನಿಮಗೆ?"

ನಾನು ಕೂಗಿದ್ದು ಹೊರಗಿನ ಕಾರಿಡಾರಿಗೆ ಕೇಳಿಸಿತಂತೆ. ಕೇಳಿಸಲಿ. ಕಾಫಿ ಮುಟ್ಟದೆ ಎದ್ದು ಬಂದೆ. ಗೇಟಿನ ಹತ್ತಿರ ಆ ಹುಡುಗ ಓಡಿ ಬಂದು, "ಮೇಡಂ, ಫೋಟೊ ನಾನೇ ತೆಗೆದದ್ದು ಅಂತ ಬರೆದುಕೊಡ್ಲಾ? ಸರ್ ಬೇಡ ಅಂದಿದಾರೆ" ಅಂದ. "ಸರ್ ಬೇಡ ಅಂದ್ರೆ ನಿನ್ನ ಕೈ ಬಿದ್ದು ಹೋಗ್ತದಾ?" ಅಂದೆ. ಅವನು ಅಲ್ಲೇ ನಿಂತ. ಆ ಕಾಗದ ನನಗೆ ಬರಲೇ ಇಲ್ಲ.

ಬಸ್ಸಿನಲ್ಲಿ ನಾಯಕಿ, "ನಾವಷ್ಟೇ ಬರೆಯೋಣ ಮೇಡಂ. ಇಟ್ಟಿದ್ದು ನಾನು, ನನ್ನ ಹೆಸರು ಹಾಕಿ" ಅಂದಳು.

"ನಿನ್ನ ಹೆಸರು ಯಾಕೆ? ನಮ್ಮ ತಂಡ ಅಂತ ಬರೀತೀನಿ, ಸಾಕು."

"ತಂಡ ಮಾಡ್ತು ಅಂದ್ರೆ ಯಾರೂ ಮಾಡ್ಲಿಲ್ಲ ಅಂತ ಅರ್ಥ ಅಂತ ಲ್ಯಾಬಲ್ಲಿ ನೀವೇ ಬೈತಿದ್ರಲ್ಲ."

ಆ ಹುಡುಗಿಗೆ ಮುಂದೆ ಓದಲು ತೋರಿಸಿಕೊಳ್ಳುವುದಕ್ಕೆ ಈ ಕೆಲಸ ಬಿಟ್ಟರೆ ಬೇರೇನಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಬರೆದೆವು. ಅಧಿಕಾರಿಗೆ ಕನ್ನಡದಲ್ಲಿ, ಸ್ಪರ್ಧೆಯವರಿಗೆ ಇಂಗ್ಲಿಷಿನಲ್ಲಿ. ಟ್ಯೂಬಿನಲ್ಲಿದ್ದ ತಳಿ ಯಾವುದು, ಅದರಿಂದ ಯಾಕೆ ಹಾನಿಯಿಲ್ಲ, ಪರೀಕ್ಷೆಯಲ್ಲಿ ಏನು ಕಂಡಿತು ಅಂತ ಮೊದಲು ಬರೆದೆ. ಆಮೇಲೆ, ಕೈಯಿಂದ ಕೈಗೆ ಹೋಗಬೇಕಾದ ಡಬ್ಬಿಯನ್ನು ನಮ್ಮ ವಿದ್ಯಾರ್ಥಿನಿ ಷರತ್ತು ಮೀರಿ ಹೋಟೆಲ್ಲಿನಲ್ಲಿ ಬಿಟ್ಟಳು, ಒಳಗೆ ಏನಿದೆ ಅಂತ ಹೋಟೆಲ್ಲಿನವರಿಗೆ ಯಾರೂ ಹೇಳಿರಲಿಲ್ಲ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸೂಚನೆಯೂ ಇರಲಿಲ್ಲ, ಆದ್ದರಿಂದ ಅವರದು ಯಾವ ತಪ್ಪೂ ಇಲ್ಲ ಅಂತ ಬರೆದೆ. ಅವಳ ಸಹಿ, ಅದರ ಕೆಳಗೆ ನನ್ನ ಸಹಿ. ಪ್ರಾಂಶುಪಾಲರು ಓದಿ, "ಇಷ್ಟೆಲ್ಲ ಬಿಚ್ಚಿ ಬರೀಬೇಕಾ? ಸ್ವಲ್ಪ ತಡೀರಿ, ಯೋಚನೆ ಮಾಡೋಣ" ಅಂದರು. "ನೀವು ಯೋಚನೆ ಮಾಡ್ತಾ ಇರಿ ಸರ್" ಅಂತ ಹೇಳಿ ನಾನು ಹೋಗಿ ಕಳಿಸಿದೆ.

ಹೋಟೆಲ್ ತೆಗೆಯಬಹುದು ಅಂತ ಅಧಿಕಾರಿ ಅದೇ ವಾರ ಹೇಳಿಕಳಿಸಿದರು. ಸ್ಪರ್ಧೆಯವರು ಜಂಟಿ ಫಲಿತಾಂಶವನ್ನು ತೆಗೆದುಹಾಕಿದರು. ಸ್ವಿಚ್ಚೊಂದನ್ನೇ ಹಿಡಿದು ಹೋಗಲು ನಮಗೆ ಅರ್ಥವಿರಲಿಲ್ಲ, ಹೋಗಗೊಡಲು ಪ್ರಾಂಶುಪಾಲರಿಗೆ ಮನಸ್ಸೂ ಇರಲಿಲ್ಲ. ನಮ್ಮ ತಂಡ ಹಿಂದೆ ಸರಿಯಿತು. ತೀರ್ಥಹಳ್ಳಿಯವರು ಬರೀ ತಮ್ಮ ಬಣ್ಣ ತೆಗೆದುಕೊಂಡು ಹೋದರು. ಸಾಗರದ ತಂಡದ ಅಶಿಸ್ತಿನಿಂದ ತಮಗೆ ನಷ್ಟವಾಯಿತು ಅಂತ ಆ ಮಾರ್ಗದರ್ಶಕರು ಅಲ್ಲಿ ಇಲ್ಲಿ ಹೇಳಿಕೊಂಡು ತಿರುಗಿದ್ದೂ ಕಿವಿಗೆ ಬಿತ್ತು. ಹೇಳಿಕೊಳ್ಳಲಿ, ಹಾಳಾಗಿ ಹೋಗಲಿ.

ಕೋಶ ಕಳಿಸಲು ಸಮಿತಿಗಳು ಕೊಟ್ಟಿದ್ದ ಒಪ್ಪಿಗೆಯೂ ರದ್ದಾಯಿತು, ಇನ್ನು ನಮ್ಮ ಕೋಶ ಅವರಲ್ಲಿ ಇರುವ ಹಾಗಿಲ್ಲ. ಅವರ ಕೈಯಲ್ಲಿ ಬಿಡಲು ನನಗೆ ಧೈರ್ಯವೂ ಇರಲಿಲ್ಲ. ನಾನೇ ತೀರ್ಥಹಳ್ಳಿಗೆ ಹೋಗಿ, ಉಳಿದ ಟ್ಯೂಬುಗಳನ್ನೆಲ್ಲ ಎಣಿಸಿ ಡಬ್ಬಿಗೆ ಹಾಕಿಸಿಕೊಂಡೆ. ಗುಲಾಬಿಯಾದವೂ ಅದರಲ್ಲಿದ್ದವು. ಸಾಗರಕ್ಕೆ ತಂದು ಆಟೋಕ್ಲೇವಿನ ಹಬೆಯಲ್ಲಿ ಬೇಯಿಸಿ ಕೊಲ್ಲುವುದಕ್ಕೆ. ಆ ಯಂತ್ರ ತಾನೇ ತುಂಬಿಸುತ್ತೇನೆ ಅಂತ ನಾಯಕಿ ಹೇಳಿ ಕಾದಿದ್ದಳು.

ಹೊಸನಗರದಲ್ಲಿ ಬಸ್ಸು ಬದಲಿಸಲು ಇಳಿದೆ. ಮಳೆ ಹೊಳವಾಗಿ ಸುಡು ಬಿಸಿಲು. ಹೋಟೆಲ್ ತೆಗೆದಿತ್ತು. ಬೆಂಚಿನ ಮೇಲೆ ಇಬ್ಬರು ಮೂವರು ಕೂತು ಇಡ್ಲಿ ತಿನ್ನುತ್ತಿದ್ದರು, ಮೊದಲಿನ ಗದ್ದಲ ಇರಲಿಲ್ಲ. ಡಬ್ಬಿಯನ್ನು ಹೊರಗಿನ ಜಗಲಿಯಲ್ಲಿಟ್ಟು, ಅದರ ಪಕ್ಕದಲ್ಲೇ ನಿಂತುಕೊಂಡೆ. ಅಕ್ಕ ಚಾ ತಂದುಕೊಟ್ಟರು.

"ನಮ್ಮಿಂದ ನಿಮಗೆ ಬಹಳ ತೊಂದ್ರೆ ಆಯ್ತು ಅಕ್ಕ" ಅಂದೆ.

"ಬಿಡಿ ಮೇಡಂ. ನೀವು ಬರ್ದು ಕೊಟ್ಟಿದ್ದಕ್ಕೇ ತೆಗ್ದಿದೀನಿ. ಆ ಹುಡುಗಿ ಹೆಂಗಿದೆ?"

"ಚೆನ್ನಾಗಿದಾಳೆ."

ಅಷ್ಟರಲ್ಲಿ ಒಬ್ಬರು ಬೆವರು ಒರೆಸಿಕೊಳ್ಳುತ್ತ ಬಂದರು. ಕವಲೇದುರ್ಗದ ಕೆಳಗಿನ ಊರಿನವರು ಅಂತ ಮಾತಿನಲ್ಲಿ ಗೊತ್ತಾಯಿತು. ಕೈಯಲ್ಲಿ ಸಣ್ಣ ಔಷಧಿ ಪೊಟ್ಟಣ.

"ಅಕ್ಕ, ಅಮ್ಮನ ಇನ್ಸುಲಿನ್ನು. ತಮ್ಮ ಶಿವಮೊಗ್ಗದಿಂದ ಬಸ್ಸಿಗೆ ಕೊಟ್ಟು ಕಳ್ಸಿದಾನೆ. ನಂಗೆ ಸಂಜೆವರೆಗೂ ಕೋರ್ಟಲ್ಲಿ ಕೆಲ್ಸ. ಫ್ರಿಜ್ಜಲ್ಲಿ ಇಟ್ಟಿರಿ, ಹೋಗ್ತಾ ತಗೊಂಡು ಹೋಗ್ತೀನಿ."

"ಇಲ್ಲ ಮಾರಾಯಾ. ಇಟ್ಕೊಳಲ್ಲ."

"ಎಂತ ಅಕ್ಕ? ಯಾವಾಗ್ಲೂ ಇಡ್ತಿದ್ರಲ್ಲ."

"ಈಗ ಯಾರದ್ದೂ ಇಟ್ಕೊಳಲ್ಲ. ಮೆಡಿಕಲ್ ಶಾಪಲ್ಲಿ ಕೇಳಿ ನೋಡಿ."

"ಕೇಳ್ದೆ. ಅವರಲ್ಲಿ ತಗೊಂಡಿದ್ದಲ್ಲ, ಇಟ್ಕೊಳಲ್ಲ ಅಂದ್ರು. ಈ ಬಿಸಿಲಲ್ಲಿ ಕೆಟ್ಟು ಹೋಗ್ತದೆ ಅಕ್ಕ, ಮತ್ತೆ ತರ್ಸೋದು ಯಾವಾಗ? ಅಮ್ಮಂಗೆ ನಾಳೆಗಿಲ್ಲ."

ಅಕ್ಕ ಅವರ ಮುಖ ನೋಡಲಿಲ್ಲ. ಒಣಗಿದ್ದ ಮೇಜನ್ನೇ ಮತ್ತೆ ಒರೆಸಿದರು. "ಆಗಲ್ಲ ತಮ್ಮ" ಅಂದರು.

ಆ ಮನುಷ್ಯನ ಕಣ್ಣು ಜಗಲಿಯಲ್ಲಿದ್ದ ನನ್ನ ಡಬ್ಬಿಯ ಮೇಲೆ ಬಿತ್ತು.

"ಮೇಡಂ, ಅದು ಐಸು ಡಬ್ಬಿ ಅಲ್ವಾ? ನೀವು ಇಲ್ಲೇ ಇರ್ತೀರಾದ್ರೆ ಅದ್ರಲ್ಲಿ ಇಡ್ಬಹುದಾ?"

ಸಾಗರದ ಬಸ್ಸು ಬಿಟ್ಟು ಸಂಜೆಯವರೆಗೆ ಕೂರಲು ನನಗೇನೂ ಕಷ್ಟವಿರಲಿಲ್ಲ. ಡಬ್ಬಿಯಲ್ಲಿ ಐಸು ಬೇಕಾದಷ್ಟಿತ್ತು.

"ಇದ್ರಲ್ಲಿ ಔಷಧಿ ಇಡೋ ಹಾಗಿಲ್ಲ" ಅಂದೆ.

"ಯಾಕೆ ಮೇಡಂ?"

"ನಿಯಮ" ಅಂದೆ.

ಅಕ್ಕ ಒರೆಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. ಆ ಮನುಷ್ಯ ಹೆಗಲ ಮೇಲಿನ ಬೈರಾಸನ್ನು ಕೈ ತೊಳೆಯುವ ನೀರಿನಲ್ಲಿ ಅದ್ದಿ, ಹಿಂಡಿ, ಪೊಟ್ಟಣವನ್ನು ಅದರಲ್ಲಿ ಸುತ್ತಿಕೊಂಡು ಕೋರ್ಟಿನ ಕಡೆ ಹೊರಟರು.